ಯಜಮಾನಿ ಒಬ್ಬರು, ಉಣಿಸುವವಳು ಇನ್ನೊಬ್ಬಳು

ಮೊದಲ ಹೆರಿಗೆ ತವರಿನಲ್ಲಿ, ಬಾಣಂತನ ಮೂರೋ ಐದೋ ತಿಂಗಳು. ಸೊಸೆ ಗಂಡನ ಮನೆಗೆ ಮರಳಿ ಸ್ವಲ್ಪ ದಿನಕ್ಕೇ ಮಗುವಿಗೆ ಆರು ತಿಂಗಳು ತುಂಬುತ್ತದೆ, ಎದೆಹಾಲಿನ ಜೊತೆ ಗಟ್ಟಿ ಆಹಾರ ಶುರುವಾಗಬೇಕು. ಅವಳ ಮಾತು ಇನ್ನೂ ನಡೆಯದ ಅಡುಗೆಮನೆಯಲ್ಲೇ ಆ ತೀರ್ಮಾನ ಆಗಬೇಕು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಕಾರಣ ಹಲವು, ಇದೂ ಒಂದು.

ಅದೇ ಸಮೀಕ್ಷೆ ಹೆಣ್ಣಿನ ನಿರ್ಧಾರಶಕ್ತಿಯನ್ನು ಅಳೆಯುವುದು ಅವಳ ಚಿಕಿತ್ಸೆ, ದೊಡ್ಡ ಖರೀದಿ, ತವರಿಗೆ ಹೋಗಿಬರುವುದು ಎಂಬ ಮೂರು ವಿಷಯಗಳಲ್ಲಿ. ಮೊಟ್ಟೆ ಯಾರು ತರಿಸುತ್ತಾರೆ ಎಂಬುದು ಅದರಲ್ಲಿಲ್ಲ. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಕೇಳಬೇಕಾದ್ದು ಅದನ್ನೇ, ಅದೂ ಅತ್ತೆಯ ಎದುರಿಗಲ್ಲ: ‘ನಿನ್ನೆ ಮಗುವಿಗೆ ಯಾರು ಉಣಿಸಿದರು? ಐವತ್ತು ರೂಪಾಯಿ ಬೇಕಾದರೆ ಯಾರನ್ನು ಕೇಳುತ್ತೀಯಮ್ಮ?’ ‘ಮನೇಲಿ ಎಲ್ಲಾ ಕೇಳೇ ಮಾಡ್ತೀವಿ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ. ಯಾರನ್ನು ಕೇಳಿ ಎನ್ನುವುದೇ ಉತ್ತರ.

ಹಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಯಜಮಾನಿ. ಗೃಹಲಕ್ಷ್ಮಿಯ 2,000 ರೂಪಾಯಿ ಹೋಗುವುದೂ ಯಜಮಾನಿಯ ಖಾತೆಗೇ. ಕೂಡುಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಹೆಣ್ಣಿನ ಕೈಗೆ ಹಣ ಬಂತು ನಿಜ, ಕೂಸಿನ ತಾಯಿಯ ಕೈಗೆ ಬಂತೆಂದು ಲೆಕ್ಕ ಹಾಕಬೇಡಿ. ಹಾಗಾಗಿ ಸೊಸೆಗೆ ಮಾತ್ರ ಸಲಹೆ ಹೇಳಿ ಬರುವುದು ವ್ಯರ್ಥ. ‘ಅಜ್ಜಿ, ವಾರಕ್ಕೆ ನಾಲ್ಕು ಮೊಟ್ಟೆ ನಿಮ್ಮ ಲೆಕ್ಕದಲ್ಲಿ’ ಎಂದು ಅವರಿಗೇ ಜವಾಬ್ದಾರಿ ಕೊಡಿ. ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ ಎಂಬ ತಕರಾರು ಬರುವುದೂ ಅಲ್ಲಿಂದಲೇ. ವಾದ ಬೇಡ, ಎರಡು ಚಮಚದಿಂದ ಶುರುಮಾಡಿಸಿ.

ಇನ್ನು ಬಟ್ಟಲು. ದೊಡ್ಡವರ ತಟ್ಟೆಯಿಂದಲೇ ತುತ್ತು ಕೊಟ್ಟರೆ ಮಗು ಎಷ್ಟು ತಿಂದಿತು ಎಂದು ಯಾರಿಗೂ ಗೊತ್ತಾಗದು. ಮಗುವಿಗೆ ಬೇರೆ ಬಟ್ಟಲು ಇಡಿಸಿ. 6ರಿಂದ 8 ತಿಂಗಳಲ್ಲಿ ದಿನಕ್ಕೆ ಎರಡು-ಮೂರು ಸಲ, ಎರಡು-ಮೂರು ಚಮಚದಿಂದ ಆರಂಭಿಸಿ 250 ಮಿಲಿ ಬಟ್ಟಲಿನ ಅರ್ಧದವರೆಗೆ. 9ರಿಂದ 11ಕ್ಕೆ ಅರ್ಧ ಬಟ್ಟಲು ಮೂರು-ನಾಲ್ಕು ಸಲ. ವರ್ಷ ದಾಟಿದ ಮೇಲೆ ಮುಕ್ಕಾಲರಿಂದ ಪೂರ್ತಿ. ರಾಗಿ ಸರಿ ನೀರಾದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗದು. ಚಮಚ ಓರೆ ಮಾಡಿದಾಗ ಸುರಿಯಬಾರದು, ಮೆಲ್ಲಗೆ ಜಾರಬೇಕು. ಮೇಲೊಂದು ಚಿಕ್ಕ ಚಮಚ ತುಪ್ಪವೋ ಎಣ್ಣೆಯೋ ಹಾಕಿದರೆ ಸುಮಾರು 45 ಕ್ಯಾಲೊರಿ ಸೇರುತ್ತದೆ.

ಕೂಲಿಗೆ ಹೋಗುವ ತಾಯಿಯ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಹೊತ್ತು ಇರುವುದಿಲ್ಲ. ಅಲ್ಲಿ ಕೇಳಬೇಕಾದ್ದು ಹಗಲಿನ ಎರಡು ಊಟ ಯಾರು ಮಾಡಿಸುತ್ತಾರೆ ಎಂದು. ಅಜ್ಜಿಯೋ ಎಂಟು ವರ್ಷದ ಅಕ್ಕನೋ ಆಗಿದ್ದರೆ ಅವರಿಗೇ ಬಟ್ಟಲು ತೋರಿಸಿ ಹೇಳಿ.

ಮಗುವಿನ ಮೇಲ್ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಬಂದು, ಜೊತೆಗೆ ಜ್ವರವೋ ಊತವೋ ಇದ್ದರೆ, ಇಲ್ಲವೇ ಮಗು ಊಟವನ್ನೂ ಬಿಟ್ಟಿದ್ದರೆ, ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಆಸ್ಪತ್ರೆಯಲ್ಲಿರುವ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ಸುಮಾರು 14 ದಿನ ತಾಯಿಯೂ ಅಲ್ಲೇ ಇರಬೇಕಾಗುತ್ತದೆ. ಒಪ್ಪಿಗೆ ಕೇಳುವಾಗ ಗಂಡ, ಅತ್ತೆ ಇಬ್ಬರೂ ಎದುರಿಗಿರಲಿ. ಹಸು ಕಟ್ಟುವವರು ಯಾರು, ದೊಡ್ಡ ಮಗುವಿಗೆ ಅನ್ನ ಹಾಕುವವರು ಯಾರು ಎಂಬುದು ಅಲ್ಲೇ ತೀರ್ಮಾನವಾಗದಿದ್ದರೆ, ಅವಳು ಮೂರನೇ ದಿನಕ್ಕೆ ಮಗುವನ್ನೆತ್ತಿಕೊಂಡು ಬಸ್ಸು ಹತ್ತುತ್ತಾಳೆ.