ಎಲ್ಲೋ ಕೇಳಿದ ಹೆಸರು

1920ರಲ್ಲಿ ನ್ಯೂಯಾರ್ಕಿನ ಬೆಲ್‌ಕ್ಲೇರ್ ಹೋಟೆಲಿಗೆ ಟಿ. ಆರ್. ಝಾನ್ ಎಂಬ ಗಿರಾಕಿ ಬಂದಿಳಿದ. ಒಳಗಿರುವುದು ಪಿಯಾನೋ ಎಂದು ಹೇಳಿ ಭಾರಿ ಪೆಟ್ಟಿಗೆಯೊಂದನ್ನು ಕಿಟಕಿಯ ಮೂಲಕ ಕೋಣೆಗೆ ಏರಿಸಿಕೊಂಡ. ಆಮೇಲೆ ಹಸಿ ಮಾಂಸಕ್ಕೆ ಆರ್ಡರ್ ಕೊಟ್ಟ. ಹೋಟೆಲಿನವರು ನೋಡಿದರೆ ಕೋಣೆಯಲ್ಲಿ ಸಿಂಹ! ಪೊಲೀಸರು ಬಂದರು, ಪತ್ರಕರ್ತರೂ ಬಂದರು. ಗಿರಾಕಿಯ ಹೆಸರಿನ ಚುಕ್ಕಿಗಳನ್ನು ತೆಗೆದು ಓದಿ: ಟಾರ್ಝಾನ್. ಹೊಸ ಟಾರ್ಝಾನ್ ಚಿತ್ರ ತೆರೆಗೆ ಬರುವುದರಲ್ಲಿತ್ತು.

ಇದು ಹ್ಯಾರಿ ರೈಕೆನ್‌ಬಾಕ್ ಎಂಬ ಪ್ರಚಾರಕನ ಕೈಚಳಕ. ಅವನ ಆತ್ಮಕಥೆ 'ಫ್ಯಾಂಟಮ್ ಫೇಮ್' ಅನ್ನು ಆಧರಿಸಿ 1932ರಲ್ಲಿ ಗ್ರೆಗರಿ ಲಾ ಕಾವಾ 'ದಿ ಹಾಫ್ ನೇಕೆಡ್ ಟ್ರೂತ್' ಎಂಬ ಹಾಸ್ಯಚಿತ್ರ ಮಾಡಿದರು. ಜಾತ್ರೆಯ ಡೇರೆ ಮುಂದೆ ಕೂಗಿ ಜನ ಸೇರಿಸುವ ಲೀ ಟ್ರೇಸಿ, ಕುಣಿಯುವ ಹುಡುಗಿ ಲೂಪೆ ವೆಲೆಜ್‌ಳನ್ನು ನ್ಯೂಯಾರ್ಕಿಗೆ ಕರೆತಂದು ಟರ್ಕಿಯ ರಾಜಕುಮಾರಿ ಎಂದು ನಂಬಿಸುತ್ತಾನೆ. ಇಲ್ಲೂ ಹೋಟೆಲಿಗೆ ಸಿಂಹ ಬರುತ್ತದೆ. (ಅದಕ್ಕಾದರೂ ಸಂಭಾವನೆ ಸಿಕ್ಕಿತೆಂದು ನಂಬೋಣ.)

ಸಿಂಹ ಕಂಡರೆ ಯಾರಾದರೂ ತಿರುಗಿ ನೋಡುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಆದರೆ ಇದೆಲ್ಲ ನಾಟಕವೆಂದು ಬಯಲಾದ ಮೇಲೂ ಗಿಮಿಕ್ ಕೆಲಸ ಮಾಡುತ್ತದಲ್ಲ, ಅದು ಹೇಗೆ?

ಒಂದು ಉತ್ತರ 1989ರಲ್ಲಿ ಕೆನಡಾದಲ್ಲಿದ್ದ ಮನೋವಿಜ್ಞಾನಿ ಲ್ಯಾರಿ ಜಾಕೋಬಿ ಮತ್ತು ಸಂಗಡಿಗರ ಪ್ರಯೋಗದಲ್ಲಿ ಸಿಕ್ಕಿತು. 'ಸೆಬಾಸ್ಟಿಯನ್ ವೈಸ್‌ಡಾರ್ಫ್' ಎಂಬಂಥ, ಯಾರೂ ಕೇಳಿರದ ಹೆಸರುಗಳನ್ನು ಜನರಿಗೆ ಓದಲು ಕೊಟ್ಟರು. ಇವರ್‍ಯಾರೂ ಪ್ರಸಿದ್ಧರಲ್ಲ ಎಂದು ಮೊದಲೇ ಹೇಳಿಯೂ ಬಿಟ್ಟರು. ಆಮೇಲೆ ಈ ಹೆಸರುಗಳನ್ನು ಪ್ರಸಿದ್ಧರ ಹೆಸರುಗಳ ಜೊತೆ, ಹೊಸ ಹೆಸರುಗಳ ಜೊತೆ ಬೆರೆಸಿ, ಇವರಲ್ಲಿ ಪ್ರಸಿದ್ಧರು ಯಾರು ಎಂದು ಕೇಳಿದರು. ತಕ್ಷಣ ಕೇಳಿದಾಗ ಜನ ಮೋಸಹೋಗಲಿಲ್ಲ, 'ಇದು ಆ ಪಟ್ಟಿಯದು' ಎಂದು ಬದಿಗಿಟ್ಟರು. 24 ಗಂಟೆ ಕಳೆದು ಕೇಳಿದಾಗ ಮಾತ್ರ, ಹೊಸ ಹೆಸರುಗಳಿಗಿಂತ ಹೆಚ್ಚು ಸಲ ವೈಸ್‌ಡಾರ್ಫ್‌ನಂಥವರೇ ಪ್ರಸಿದ್ಧರ ಸಾಲಿಗೆ ಸೇರಿದರು. ರಾತ್ರಿ ಬೆಳಗಾಗುವುದರಲ್ಲಿ ಖ್ಯಾತಿ!

ಏನನ್ನಾದರೂ ಗುರುತಿಸುವಾಗ ಎರಡು ಬಗೆಯ ನೆನಪುಗಳು ಕೆಲಸ ಮಾಡುತ್ತವೆ. 'ಎಲ್ಲೋ ಕೇಳಿದ ಹಾಗಿದೆ' ಎಂಬ ಪರಿಚಯದ ಭಾವ ಒಂದು. ಎಲ್ಲಿ, ಯಾರಿಂದ, ಯಾವಾಗ ಕೇಳಿದೆ ಎಂಬ ವಿವರ ಇನ್ನೊಂದು. ವಿವರಕ್ಕೆ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಬೇಕು, ಪರಿಚಯಭಾವಕ್ಕೆ ಅದರ ಪಕ್ಕದ ಪೆರಿರೈನಲ್ ಕಾರ್ಟೆಕ್ಸ್ ಸಾಕು ಎನ್ನುವುದು ಅನೇಕ ಸಂಶೋಧಕರ ಮತ. ವಿವರ ಬೇಗ ಮಾಸುತ್ತದೆ, ಪರಿಚಯ ಅಷ್ಟು ಸುಲಭಕ್ಕೆ ಮಾಸುವುದಿಲ್ಲ. ಅರೆಗಮನದಲ್ಲಿ ಓದಿದರಂತೂ ಒಂದು ದಿನ ಕಾಯುವುದೂ ಬೇಕಿಲ್ಲ. ಕಾಫಿ ಹೀರುತ್ತಾ ನಾವು ಪೇಪರ್ ಓದುವುದು ಹಾಗೆಯೇ ಅಲ್ಲವೇ?

ರೈಕೆನ್‌ಬಾಕ್‌ನ ಇನ್ನೊಂದು ಕಥೆಯಿದೆ. 1913ರಲ್ಲಿ ಕಲಾವಿದ ಪಾಲ್ ಶಾಬಾನ 'ಸೆಪ್ಟೆಂಬರ್ ಮಾರ್ನ್' ಎಂಬ ನಗ್ನ ವರ್ಣಚಿತ್ರದ ಪ್ರತಿಯನ್ನು ಅಂಗಡಿಯ ಗಾಜಿನಲ್ಲಿಟ್ಟು, ಬಾಡಿಗೆ ಹುಡುಗರನ್ನು ಅದರ ಮುಂದೆ ನಿಲ್ಲಿಸಿ, ನೀತಿ ಕಾಯುವ ಆಂಥೊನಿ ಕಾಮ್‌ಸ್ಟಾಕ್‌ಗೆ ದೂರು ಹೋಗುವಂತೆ ಮಾಡಿದ್ದು ತಾನೇ ಎಂದು ಅವನು ಹೇಳಿಕೊಂಡ. ಕಾಮ್‌ಸ್ಟಾಕ್ ಗಲಾಟೆ ಎಬ್ಬಿಸಿದ್ದು ನಿಜ, ಚಿತ್ರ ಮನೆಮಾತಾದದ್ದೂ ನಿಜ. ಬಾಡಿಗೆ ಹುಡುಗರ ಮಾತನ್ನು ಮಾತ್ರ ಇತಿಹಾಸಕಾರರು ಅಷ್ಟಾಗಿ ನಂಬುವುದಿಲ್ಲ. ಹಾಗಿದ್ದರೂ ಆ ಚಿತ್ರದ ಮಾತು ಬಂದಾಗಲೆಲ್ಲ ರೈಕೆನ್‌ಬಾಕ್‌ನ ಹೆಸರೂ ಬರುತ್ತದೆ. ಇಲ್ಲೂ ಬಂತು ನೋಡಿ.