ದಿನ ಬಿಟ್ಟು ದಿನ ಬರುವ ಜ್ವರ: ಮಲೇರಿಯಾದ ವಿಧಗಳು ಬೇರೆಯಾದ ಬಗೆ

ಮಲೇರಿಯಾ ಒಂದೇ ಕಾಯಿಲೆ ಎಂಬಂತೆ ನಾವು ಮಾತಾಡುತ್ತೇವೆ. ಆದರೆ ಮನುಷ್ಯರಿಗೆ ಅದನ್ನು ತರುವ ಪರಾವಲಂಬಿಗಳು ಐದು ಬಗೆಯವು: ವೈವಾಕ್ಸ್, ಫಾಲ್ಸಿಪಾರಂ, ಮಲೇರಿಯೇ, ಓವೇಲ್ ಮತ್ತು ನೋಲೆಸಿ. ಎಲ್ಲವೂ ಪ್ಲಾಸ್ಮೋಡಿಯಂ ಕುಲಕ್ಕೆ ಸೇರಿದವು, ಎಲ್ಲವನ್ನೂ ಹರಡುವುದು ಅನಾಫಿಲಿಸ್ ಸೊಳ್ಳೆ. ಇವುಗಳನ್ನು ಬೇರ್ಪಡಿಸಿ ಗುರುತಿಸಲು ವೈದ್ಯರ ಕೈಯಲ್ಲಿ ಶತಮಾನಗಳ ಕಾಲ ಇದ್ದದ್ದು ದಿನಗಳ ಲೆಕ್ಕವೊಂದೇ. ಚರಕ, ಸುಶ್ರುತ ಸಂಹಿತೆಗಳಲ್ಲಿ ತೃತೀಯಕ, ಚತುರ್ಥಕ ಜ್ವರಗಳ ಮಾತು ಬರುತ್ತದೆ. ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನ ಬರಹಗಳಲ್ಲೂ ದಿನ ಬಿಟ್ಟು ದಿನ ಬರುವ ಜ್ವರ, ಎರಡು ದಿನ ಬಿಟ್ಟು ಬರುವ ಜ್ವರ ಎಂಬ ವಿಂಗಡಣೆ ಇದೆ.

ಜ್ವರಕ್ಕೆ ಹೀಗೆ ಸರದಿ ಏಕೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. 1880ರ ನವೆಂಬರ್ 6ರಂದು ಅಲ್ಜೀರಿಯಾದ ಸೇನಾ ಆಸ್ಪತ್ರೆಯೊಂದರಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ ಜ್ವರದಲ್ಲಿದ್ದ ಸೈನಿಕನ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದರು. ದುಂಡನೆಯ ಕಾಯವೊಂದರ ಅಂಚಿನಿಂದ ಸಣ್ಣ ಎಳೆಗಳು ಹೊರಚಾಚಿ ಚಾವಟಿಯಂತೆ ಬಡಿದಾಡುತ್ತಿದ್ದವು. ಅದು ಜೀವಂತ ಪರಾವಲಂಬಿ. ಕೆಲವೇ ವರ್ಷಗಳಲ್ಲಿ ಇಟಲಿಯ ಕ್ಯಾಮಿಲೊ ಗಾಲ್ಜಿ ಸರದಿಯ ಗುಟ್ಟನ್ನೂ ಬಿಡಿಸಿದರು. ಪರಾವಲಂಬಿ ಕೆಂಪು ರಕ್ತಕಣದೊಳಗೆ ಬೆಳೆದು ಹಲವಾಗಿ ಒಡೆಯುತ್ತದೆ. ಅಂಥ ಕಣಗಳೆಲ್ಲ ಒಟ್ಟಿಗೆ ಸಿಡಿದ ಹೊತ್ತಿಗೇ ಚಳಿ ಹತ್ತುತ್ತದೆ. ವೈವಾಕ್ಸ್‌ನಲ್ಲಿ ಇದು 48 ಗಂಟೆಗೊಮ್ಮೆ, ಮಲೇರಿಯೇಯಲ್ಲಿ 72 ಗಂಟೆಗೊಮ್ಮೆ.

ಆ ಹೊತ್ತಿನಲ್ಲಿ ರೋಗಿಗೆ ಎಷ್ಟು ಹೊದಿಸಿದರೂ ನಡುಕ ನಿಲ್ಲುವುದಿಲ್ಲ, ಹಲ್ಲು ಕಟಕಟಿಸುತ್ತವೆ. ಸ್ವಲ್ಪ ಹೊತ್ತಿಗೆ ಮೈ ಕಾದು ಜ್ವರ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ ಅಥವಾ ದಾಟುತ್ತದೆ. ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಕೆಲವು ಗಂಟೆಗಳ ಬಳಿಕ ಬಟ್ಟೆಯೆಲ್ಲ ತೊಯ್ಯುವಷ್ಟು ಬೆವರು ಬಂದು ಜ್ವರ ಇಳಿಯುತ್ತದೆ, ಸುಸ್ತಾಗಿ ನಿದ್ದೆ ಹತ್ತುತ್ತದೆ. ಮರುದಿನ ಎದ್ದವರಿಗೆ ಕಾಯಿಲೆ ಹೋಯಿತೆಂದೇ ಅನಿಸುತ್ತದೆ. ಈ ಒಂದು ದಿನದ ನೆಮ್ಮದಿಯನ್ನು ನಂಬಿ ಎಷ್ಟೋ ಜನ ಚಿಕಿತ್ಸೆ ತಡಮಾಡಿಕೊಳ್ಳುತ್ತಾರೆ.

ಹೀಗೆ ಸರದಿಯ ಮೇಲೆ ಬರುವ ಜ್ವರವೇ ಮಲೇರಿಯಾ ಎಂದು ತಿಳಿಯುವುದು ಇನ್ನೂ ಅಪಾಯ, ಏಕೆಂದರೆ ಅತಿ ಹೆಚ್ಚು ಜೀವ ತೆಗೆಯುವ ಫಾಲ್ಸಿಪಾರಂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಚಕ್ರವೂ ಸುಮಾರು 48 ಗಂಟೆಯದೇ, ಆದರೆ ಕಣಗಳು ಒಟ್ಟಿಗೆ ಒಡೆಯದ ಕಾರಣ ಜ್ವರ ಬಿಡದೆ ಕಾಯಬಹುದು, ಹೊತ್ತುಗೊತ್ತಿಲ್ಲದೆ ಏರಿಳಿಯಬಹುದು. ಮೊದಮೊದಲು ಮೈಕೈ ನೋವು, ತಲೆನೋವು, ವಾಂತಿ ಇಷ್ಟೇ ಇದ್ದು ಫ್ಲೂ ಎಂದೇ ತೋರುತ್ತದೆ. ವೈವಾಕ್ಸ್ ಎಳೆಯ ರಕ್ತಕಣಗಳನ್ನಷ್ಟೇ ಹೊಕ್ಕರೆ ಇದು ಎಲ್ಲ ವಯಸ್ಸಿನ ಕಣಗಳನ್ನೂ ಹೊಗುತ್ತದೆ, ಹಾಗಾಗಿ ಅದರ ಸಂಖ್ಯೆ ಬಲುಬೇಗ ಏರುತ್ತದೆ. ಸೋಂಕಿತ ಕಣಗಳು ಮಿದುಳು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ರಕ್ತದ ಓಟಕ್ಕೇ ಅಡ್ಡಬರುತ್ತವೆ. ಕಾಮಾಲೆ, ಏದುಸಿರು, ಫಿಟ್ಸ್, ಎಚ್ಚರ ತಪ್ಪುವುದು, ಮೂತ್ರ ಕಡಿಮೆಯಾಗುವುದು, ಇವೆಲ್ಲ ಕೈಮೀರುತ್ತಿರುವ ಸೂಚನೆಗಳು. ಚಿಕಿತ್ಸೆ ಸಿಗದಿದ್ದರೆ 24 ಗಂಟೆಯೊಳಗೇ ಸ್ಥಿತಿ ಹೀಗಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಮಲೇರಿಯಾದಿಂದ ಸತ್ತವರು 5.97 ಲಕ್ಷ, ಅವರಲ್ಲಿ ಹೆಚ್ಚಿನವರು ಆಫ್ರಿಕಾದ ಪುಟ್ಟ ಮಕ್ಕಳು. ಔಷಧವಿರುವ ಕಾಯಿಲೆಗೆ ಇಷ್ಟು ಮಕ್ಕಳು ಬಲಿಯಾಗುವುದನ್ನು ಒಪ್ಪಿಕೊಳ್ಳಲಾಗದು.

ವೈವಾಕ್ಸ್ ಅಷ್ಟು ಕೊಲ್ಲದಿದ್ದರೂ ಬೆನ್ನು ಬಿಡುವುದಿಲ್ಲ. ವಾಸಿಯಾದವರಿಗೆ ತಿಂಗಳುಗಳ ಮೇಲೆ, ಸೊಳ್ಳೆ ಮತ್ತೆ ಕಚ್ಚದಿದ್ದರೂ, ಜ್ವರ ಮರುಕಳಿಸುತ್ತಿದ್ದದ್ದು ವೈದ್ಯರಿಗೆ ಬಹುಕಾಲ ಒಗಟಾಗಿತ್ತು. ಪರಾವಲಂಬಿ ರಕ್ತಕ್ಕಿಳಿಯುವ ಮೊದಲು ಯಕೃತ್ತಿನಲ್ಲಿ ಬೆಳೆಯುತ್ತದೆಂದು ಶಾರ್ಟ್ ಮತ್ತು ಗಾರ್ನಮ್ 1948ರಲ್ಲಿ ತೋರಿಸಿದರು. ಅಲ್ಲಿ ಅದರ ಕೆಲವು ರೂಪಗಳು ನಿದ್ದೆಯಲ್ಲಿ ಉಳಿದುಬಿಡುತ್ತವೆಂದು ಖಚಿತವಾದದ್ದು 1980ರ ದಶಕದಲ್ಲಿ. ರಕ್ತದಲ್ಲಿರುವುದನ್ನಷ್ಟೇ ಕೊಲ್ಲುವ ಮಾತ್ರೆ ಇಲ್ಲಿ ಸಾಲದು, ಪ್ರೈಮಾಕ್ವಿನ್‌ನಂಥದ್ದು ಬೇಕು. ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಅದು ರಕ್ತಕಣಗಳನ್ನು ಒಡೆಯುವುದರಿಂದ ಮೊದಲು ಆ ಪರೀಕ್ಷೆ ಆಗಬೇಕು. ಜ್ವರ ಮತ್ತೆ ಮತ್ತೆ ಬಂದಷ್ಟೂ ರಕ್ತಹೀನತೆ ಹೆಚ್ಚುತ್ತದೆ, ಗುಲ್ಮ ಊದುತ್ತದೆ. 1922ರಲ್ಲಿ ಗುರುತಿಸಿದ ಓವೇಲ್ ಕೂಡ ಹೀಗೆಯೇ ಯಕೃತ್ತಿನಲ್ಲಿ ಅಡಗುತ್ತದೆ, ಆದರೆ ಸಾಮಾನ್ಯವಾಗಿ ಸೌಮ್ಯ. ಮಲೇರಿಯೇ ಯಕೃತ್ತಿನಲ್ಲಿ ಅಡಗದಿದ್ದರೂ ರಕ್ತದಲ್ಲೇ ಅತಿ ಕಡಿಮೆ ಸಂಖ್ಯೆಯಲ್ಲಿ ದಶಕಗಳ ಕಾಲ ಉಳಿಯಬಲ್ಲದು, ಮಕ್ಕಳ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ನೋಲೆಸಿ ಮೂಲತಃ ಮಂಗಗಳದ್ದು. ಅದು ಮನುಷ್ಯರಿಗೂ ತಗುಲಬಲ್ಲದೆಂದು ಕಲ್ಕತ್ತಾದಲ್ಲಿ ನೋಲ್ಸ್ ಮತ್ತು ದಾಸ್ ಗುಪ್ತಾ 1932ರಲ್ಲೇ ತೋರಿಸಿದ್ದರು. ಆದರೂ ಬಹುಕಾಲ ಅದನ್ನು ಅಪರೂಪವೆಂದೇ ಬಗೆಯಲಾಗಿತ್ತು. ಮಲೇಷ್ಯಾದ ಸರವಾಕ್‌ನಲ್ಲಿ ಮಲೇರಿಯೇ ಎಂದು ದಾಖಲಾದ ರೋಗಿಗಳ ರಕ್ತದಲ್ಲಿ ಪರಾವಲಂಬಿಗಳು ಆ ಸೌಮ್ಯ ವಿಧಕ್ಕೆ ಹೊಂದದಷ್ಟು ಹೆಚ್ಚಿದ್ದವು. ಡಿಎನ್‌ಎ ಪರೀಕ್ಷೆ ಮಾಡಿದಾಗ ಅವರಲ್ಲಿ ಬಹುಪಾಲು ಮಂದಿಗಿದ್ದದ್ದು ನೋಲೆಸಿ ಎಂದು 2004ರಲ್ಲಿ ಪ್ರಕಟವಾಯಿತು. ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ನೋಲೆಸಿಯ ಚಕ್ರ 24 ಗಂಟೆಯದು: ಜ್ವರ ದಿನವೂ ಬರುತ್ತದೆ, ಕಾಯಿಲೆ ಬೇಗ ಉಲ್ಬಣಿಸುತ್ತದೆ. ಹಾಗಾಗಿ ಈ ಸೋಂಕಿರುವ ಆಗ್ನೇಯ ಏಷ್ಯಾದ ಕಾಡಿನಂಚುಗಳಲ್ಲಿ ಸೂಕ್ಷ್ಮದರ್ಶಕ ಮಲೇರಿಯೇ ಎಂದು ತೋರಿಸಿದರೂ ಅದು ನೋಲೆಸಿ ಇರಬಹುದೆಂದೇ ಎಣಿಸಿ ಕೂಡಲೇ ಚಿಕಿತ್ಸೆ ಶುರುಮಾಡಬೇಕಾಗುತ್ತದೆ.