ಗುಡ್ಡದ ಟವರಿನ ಪಾಲುಪಟ್ಟಿ

ಮಲೆನಾಡಿನ ಒಳಹಳ್ಳಿಗಳಲ್ಲಿ ಟವರ್ ಬೇಕೆಂಬ ಕೂಗು ಹಳೆಯದು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಕ್ಕಳು ಗುಡ್ಡ ಹತ್ತಿ ಕೂರಬೇಕಾದಾಗ ಅದು ಇನ್ನಷ್ಟು ಜೋರಾಯಿತು. ಆದರೆ ಹೊಸನಗರ, ತೀರ್ಥಹಳ್ಳಿ ಕಡೆ ಟವರ್ ಬಂದ ಊರುಗಳಲ್ಲೂ ಒಂದು ದೂರು ಉಳಿದುಕೊಂಡಿದೆ: ಫೋನಿನಲ್ಲಿ ಎರಡು ಕಡ್ಡಿ ಸಿಗ್ನಲ್ ಕಾಣುತ್ತದೆ, ಕರೆಯೂ ಹೋಗುತ್ತದೆ, ಸಂಜೆಯಾದರೆ ನೆಟ್ ಮಾತ್ರ ಸುತ್ತುತ್ತಲೇ ಇರುತ್ತದೆ. ಟವರು ತನ್ನ ತರಂಗಾಂತರವನ್ನು ಬಳಕೆದಾರರಿಗೆ ಹಂಚುವ ಕ್ರಮ ಹೇಗೆ ಬದಲಾಗುತ್ತ ಬಂತೆಂದು ನೋಡಿದರೆ ಈ ದೂರಿನ ಮೂಲ ಸಿಗುತ್ತದೆ.

ಒಂದು ಪ್ರದೇಶವನ್ನು ಸಣ್ಣ ಕೋಶಗಳಾಗಿ ವಿಂಗಡಿಸಿ, ದೂರದೂರದ ಕೋಶಗಳಲ್ಲಿ ಅದೇ ತರಂಗಾಂತರವನ್ನು ಮತ್ತೆ ಬಳಸುವ ಕಲ್ಪನೆ 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. 1983ರಲ್ಲಿ ಅಲ್ಲಿ ಆರಂಭವಾದ ಸೇವೆಯಲ್ಲಿ ಒಂದೊಂದು ಕರೆಗೂ ಎರಡು ದಿಕ್ಕಿನಲ್ಲಿ 30 ಕಿಲೋಹರ್ಟ್ಸ್‌ನ ಪ್ರತ್ಯೇಕ ಪಟ್ಟಿ ಮೀಸಲಾಗುತ್ತಿತ್ತು. 1995ರ ಜುಲೈ 31ರಂದು ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋಗುವ ಹೊತ್ತಿಗೆ ಜಿಎಸ್‌ಎಂ ಎಂಬ ಡಿಜಿಟಲ್ ಪದ್ಧತಿ ಬಂದಿತ್ತು. ಅದು 200 ಕಿಲೋಹರ್ಟ್ಸ್ ಪಟ್ಟಿಯೊಂದನ್ನು ಎಂಟು ಕಾಲತುಣುಕುಗಳಾಗಿ ಸೀಳಿ, ಒಂದನ್ನು ಒಬ್ಬರಿಗೆ ಕೊಡುತ್ತಿತ್ತು. ತುಣುಕುಗಳು ಮುಗಿದರೆ 'ನೆಟ್‌ವರ್ಕ್ ಬ್ಯುಸಿ'. ಒರಟು ಪದ್ಧತಿಯೇ ಸರಿ, ಆದರೆ ಟವರಿನ ಬುಡದ ಮನೆಗೂ ಕಣಿವೆಯ ಮನೆಗೂ ಒಂದೇ ಅಳತೆಯ ಪಾಲು. ಸಿಡಿಎಂಎ ಎಂಬ ಇನ್ನೊಂದು ಪದ್ಧತಿ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಿ, ಒಬ್ಬೊಬ್ಬರ ಕರೆಯನ್ನೂ ಬೇರೆಬೇರೆ ಸಂಕೇತದಿಂದ ಬೇರ್ಪಡಿಸಿತು. ಹತ್ತಿರದ ಫೋನು ದೂರದ್ದನ್ನು ಮುಳುಗಿಸದಂತೆ ಸೆಕೆಂಡಿಗೆ 800 ಸಲ ಅದರ ಶಕ್ತಿಯನ್ನು ಏರಿಳಿಸಬೇಕಾಯಿತು.

ಡೇಟಾ ಬಂದ ಮೇಲೆ ಲೆಕ್ಕ ತೊಡಕಾಯಿತು. 4ಜಿಯಲ್ಲಿ 10 ಮೆಗಾಹರ್ಟ್ಸ್ ಇರುವ ಟವರಿನ ಬಳಿ, 180 ಕಿಲೋಹರ್ಟ್ಸ್ ಅಗಲದ 50 ತುಂಡುಗಳಿರುತ್ತವೆ, ಮತ್ತು ಯಾವ ತುಂಡು ಯಾರಿಗೆ ಎಂಬ ತೀರ್ಮಾನ ಮಿಲಿಸೆಕೆಂಡಿಗೊಮ್ಮೆ ಆಗುತ್ತದೆ. ತನಗೆ ಸಿಗುತ್ತಿರುವ ಸಿಗ್ನಲ್ ಎಂಥದ್ದೆಂದು ಪ್ರತಿ ಫೋನೂ 1ರಿಂದ 15ರವರೆಗಿನ ಅಂಕಿಯಲ್ಲಿ ಟವರಿಗೆ ತಿಳಿಸುತ್ತಿರುತ್ತದೆ. ಮೂಲ 4ಜಿ ಕೋಷ್ಟಕದ ಪ್ರಕಾರ 15 ಎಂದ ಫೋನು ಒಂದೇ ತುಂಡಿನಲ್ಲಿ ಪಡೆಯುವ ಮಾಹಿತಿ, 1 ಎಂದ ಫೋನು ಪಡೆಯುವುದಕ್ಕಿಂತ ಸುಮಾರು 36 ಪಟ್ಟು ಹೆಚ್ಚು. ಹಾಗಾಗಿ ಚೆನ್ನಾಗಿ ಸಿಗ್ನಲ್ ಇರುವವರಿಗೇ ಎಲ್ಲ ತುಂಡುಗಳನ್ನೂ ಕೊಟ್ಟರೆ ಟವರಿನ ಒಟ್ಟು ವೇಗ ಬಲು ಚೆನ್ನಾಗಿ ಕಾಣುತ್ತದೆ, ಕಣಿವೆಯ ಅಡಿಕೆ ತೋಟದ ಮನೆಗೆ ಏನೂ ಉಳಿಯುವುದಿಲ್ಲ. ಎಲ್ಲರಿಗೂ ಸಮ ವೇಗ ಕೊಡಹೊರಟರೆ ಆ ಒಂದು ಮನೆಯ ವಿಡಿಯೋವೇ ಬಹುಪಾಲು ತುಂಡುಗಳನ್ನು ನುಂಗಿ, ಪೇಟೆಯವರೆಲ್ಲ ಕಾಯಬೇಕಾಗುತ್ತದೆ.

ಮಧ್ಯದ ದಾರಿಗೆ ಗಣಿತದ ತಳಹದಿ ಹಾಕಿದವರಲ್ಲಿ ಕೇಂಬ್ರಿಜ್‌ನ ಫ್ರಾಂಕ್ ಕೆಲ್ಲಿ ಪ್ರಮುಖರು. ಅವರು 1997ರಲ್ಲಿ ಮಂಡಿಸಿದ 'ಅನುಪಾತದ ನ್ಯಾಯ'ವನ್ನೇ ಮೊಬೈಲ್ ಜಾಲಗಳು ಮುಂದೆ ತಮಗೆ ಒಗ್ಗಿಸಿಕೊಂಡವು. ಫೋನಿಗೆ ಈ ಕ್ಷಣ ಸಿಗಬಹುದಾದ ವೇಗವನ್ನು ಅದು ಈಚೆಗೆ ಸರಾಸರಿ ಪಡೆದ ವೇಗದಿಂದ ಭಾಗಿಸಿದಾಗ ಯಾರ ಅಂಕಿ ದೊಡ್ಡದೋ ಅವರಿಗೆ ಸರದಿ. ಜಾಣ ಸೂತ್ರ, ಅನುಮಾನವಿಲ್ಲ. ಆದರೆ ಅದು ಹೆಚ್ಚುಕಡಿಮೆ ಸಮವಾಗಿ ಹಂಚುವುದು ಸರದಿಯನ್ನು, ಡೇಟಾವನ್ನಲ್ಲ. ನಗರದಲ್ಲಿ ಅಂಚಿಗೆ ಹೋದವನಿಗೆ ಮುಂದಿನ ಟವರು ಸಿಗುತ್ತದೆ. ಇಲ್ಲಿ ಗುಡ್ಡದ ಮರೆಯ ಮನೆ ಎಂದಿಗೂ ಅಂಚಿನಲ್ಲೇ ಇರುತ್ತದೆ. ಸಂಜೆ ಬಳಕೆದಾರರು ಹೆಚ್ಚಿದಾಗ ಎಲ್ಲರ ಸರದಿಯೂ ತಡವಾಗುತ್ತದೆ, ಮೊದಲೇ ಕಡಿಮೆ ಸಿಗುತ್ತಿದ್ದವರಿಗೆ ಪುಟ ತೆರೆಯದ ಸ್ಥಿತಿ. 4ಜಿ ಜಾಲದಲ್ಲೇ ಸಾಗುವ ವೋಲ್ಟ್‌ಇ ಕರೆಗೆ ಆದ್ಯತೆಯ ಪಾಲು ಇರುವುದರಿಂದ ಮಾತು ಮಾತ್ರ ಕೇಳುತ್ತದೆ.

2022ರ ಅಕ್ಟೋಬರಿನಲ್ಲಿ ದೇಶಕ್ಕೆ ಬಂದ 5ಜಿ, ಒಂದೇ ಜಾಲವನ್ನು ಬೇರೆಬೇರೆ ಕೆಲಸಗಳಿಗೆ ಹೋಳುಮಾಡಿ ಮೀಸಲಿಡಬಲ್ಲದು. ಆದರೆ ಅದರ ವೇಗಕ್ಕೆ ಕಾರಣವಾದ 3300 ಮೆಗಾಹರ್ಟ್ಸ್ ತರಂಗಗಳು ಗುಡ್ಡ, ದಟ್ಟ ಮರಗಳ ಮುಂದೆ ಬೇಗ ಸೋಲುತ್ತವೆ. ದೂರ ಸಾಗುವ 700 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಅಗಲವಾದ ಪಟ್ಟಿ ಸಿಗುವುದಿಲ್ಲ. ಇನ್ನು ಟವರಿಗೆ ಫೈಬರ್ ಬರದೆ ತಂತಿಯಿಲ್ಲದೆ ಟವರಿನಿಂದ ಟವರಿಗೆ ಡೇಟಾ ಸಾಗಿಸುವ ಮೈಕ್ರೋವೇವ್ ಕೊಂಡಿಯೇ ಆಧಾರವಾಗಿದ್ದು, ಅದೂ ಕಿರಿದಾಗಿದ್ದರೆ, ಗಾಳಿಯಲ್ಲಿ ಎಷ್ಟು ಜಾಣತನದಿಂದ ಹಂಚಿದರೂ ವ್ಯರ್ಥ. ಆದ್ದರಿಂದ ಮನವಿ ಬರೆಯುವ ಪಂಚಾಯಿತಿಗಳು ಬರೀ 'ಟವರ್ ಬೇಕು' ಎನ್ನುವ ಬದಲು, ಇರುವ ಟವರಿಗೆ ಫೈಬರ್ ಬಂದಿದೆಯೇ, ಅದರಲ್ಲಿ ಯಾವ ಯಾವ ಬ್ಯಾಂಡ್ (ತರಂಗಾಂತರದ ಪಟ್ಟಿ) ನಡೆಯುತ್ತಿದೆ, ಸಂಜೆ ಏಳರಿಂದ ಹತ್ತರವರೆಗೆ ಕಣಿವೆಯ ಮನೆಗಳಲ್ಲಿ ಎಷ್ಟು ವೇಗ ಸಿಗುತ್ತದೆ ಎಂದು ಲಿಖಿತವಾಗಿ ಕೇಳಬೇಕು.